ಒಂದೂ ಚಿಲ್ಲರೆ ತಪ್ಪು

ಸೊಸೆ ಬೀರುವಿನಲ್ಲಿ, ಮಡಿಸಿದ ದಿಂಬಿನ ಚೀಲಗಳ ಅಡಿಯಲ್ಲಿ, ಒಂದು ಹಾಳೆ ಬಚ್ಚಿಟ್ಟಿದ್ದಳು. ಪ್ರೇಮಪತ್ರವೇನಲ್ಲ. ಇನ್ನೂ ಅಚ್ಚಾಗದ ಪುಸ್ತಕವೊಂದರ ಎರಡನೇ ಪುಟದ ಕರಡು. ಮೇಲೆ ಪುಸ್ತಕದ ಹೆಸರು, 'ಉನ್ನತ ಅನ್ವಯಿಕ ಸಂಖ್ಯಾಶಾಸ್ತ್ರ'. ಅದರ ಕೆಳಗೆ ಬರೆದ ಮೇಷ್ಟ್ರ ಹೆಸರು. ಅದಕ್ಕೂ ಕೆಳಗೆ, ಕಣ್ಣು ಕಿರಿದು ಮಾಡಿ ನೋಡಬೇಕಾದಷ್ಟು ಸಣ್ಣ ಅಕ್ಷರದಲ್ಲಿ, 'ಕರಡು ಪರಿಶೀಲನೆ' ಎಂದು ಹಾಕಿ ಎರಡು ಹೆಸರು. ಒಂದು ಅತ್ತೆಯದು, ಇನ್ನೊಂದು ಅವಳದೇ.

ಹದಿನಾಲ್ಕು ವರ್ಷದಿಂದ ಅವಳು ಪಠ್ಯಪುಸ್ತಕಗಳ ಕರಡು ತಿದ್ದುತ್ತಿದ್ದಳು. ಸೇತುವೆ ಕಟ್ಟುವವರ ಗಣಿತ, ವಿಮೆ ಕಂಪನಿಯವರ ಗಣಿತ, ಔಷಧಿ ಪರೀಕ್ಷೆ ಮಾಡುವವರ ಸಂಖ್ಯಾಶಾಸ್ತ್ರ, ಎಲ್ಲವೂ ಅವಳ ಪೆನ್ಸಿಲಿನಡಿ ಹಾದು ಲೋಕ ಸೇರಿದ್ದವು. ಒಂದರಲ್ಲೂ ಅವಳ ಹೆಸರಿರಲಿಲ್ಲ. ಅವಳ ಹೆಸರು ಅಚ್ಚಿನಲ್ಲಿ ಬಂದದ್ದು ಒಂದೇ ಸಲ, ಮದುವೆಯ ಕಾಗದದಲ್ಲಿ. ಅದರಲ್ಲೂ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಬಹುಶಃ ಅಂದೇ ಅವಳು ಕರಡು ತಿದ್ದುವವಳಾದಳು.

ಅತ್ತೆಯೂ ಅದೇ ಕಸುಬಿನವರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟು, ನಿವೃತ್ತಿಯಾದ ಮರುದಿನವೇ ಪ್ರೆಸ್ಸಿನ ಬಾಗಿಲು ತಟ್ಟಿ, "ನಿಮ್ಮ ಪುಸ್ತಕಗಳಲ್ಲಿ ಉತ್ತರಗಳು ತಪ್ಪಿರುತ್ತವೆ. ತಿದ್ದೋಕೆ ಬಂದಿದೀನಿ" ಅಂದವರು. ಪ್ರೆಸ್ಸಿನ ಯಜಮಾನರು ಇಲ್ಲ ಅನ್ನಲಿಲ್ಲ. ಅವರು ಎಂಟನೇ ತರಗತಿಯಲ್ಲಿ ಅತ್ತೆಯ ಕೈಯಲ್ಲೇ ಕಿವಿ ಹಿಂಡಿಸಿಕೊಂಡವರು.

ಒಂದೇ ಸೂರಿನಡಿ, ಒಂದೇ ಕಸುಬಿನ ಅತ್ತೆ ಸೊಸೆ. ನೆರೆಹೊರೆಯವರು ಮೊದಲ ವರ್ಷವಿಡೀ ಗೋಡೆಗೆ ಕಿವಿ ಆನಿಸಿಕೊಂಡು ಕಾದರು. ಏನೂ ಕೇಳಿಸಲಿಲ್ಲ. ಈ ಮನೆಯ ಶಾಂತಿಯ ಗುಟ್ಟು ಬಹಳ ಸರಳ: ಹಂಚಿಕೆ. ಒಲೆಯ ಎಡದ ಉರಿ ಅತ್ತೆಯದು, ಬಲದ್ದು ಸೊಸೆಯದು. ಪತ್ರಿಕೆಯ ಪದಬಂಧ ಸೊಸೆಗೆ, ಅಂಕಿಗಳ ಆಟ ಅತ್ತೆಗೆ. ರಸ್ತೆ ಕಡೆಯ ಕಿಟಕಿ ಅತ್ತೆಗೆ, ಹಿತ್ತಲ ಕಡೆಯದು ಸೊಸೆಗೆ. ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ. ನೀರು ತಾನಾಗಿ ಇಳಿಜಾರು ಹುಡುಕಿಕೊಂಡ ಹಾಗೆ ಆದದ್ದು. ಮಧ್ಯೆ ಇದ್ದ ಗಂಡ, ಕನ್ನಡಕದಂಗಡಿ ಇಟ್ಟುಕೊಂಡಿದ್ದ ಸಾಧು ಪ್ರಾಣಿ, ಯಾರ ಪಾಲಿಗೂ ಪೂರ್ತಿ ಬರದೆ ನೆಮ್ಮದಿಯಾಗಿದ್ದ.

ಈ ಮೇಷ್ಟ್ರ ಪುಸ್ತಕ ಬರುವವರೆಗೆ ಎಲ್ಲ ಸರಿಯಾಗಿಯೇ ಇತ್ತು.

ಮೇಷ್ಟ್ರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಹೇಳಿ ನಿವೃತ್ತರಾದವರು. ಹಿಂದೊಮ್ಮೆ ಇದೇ ಪುಸ್ತಕದ ಮೊದಲ ಆವೃತ್ತಿ ಬಂದಾಗ ವಿದ್ಯಾರ್ಥಿಗಳು ಕಾಗದ ಬರೆದು ಬರೆದು ಮುನ್ನೂರ ಹನ್ನೆರಡು ತಪ್ಪು ತೋರಿಸಿದ್ದರು. ಆ ಕಾಗದಗಳನ್ನೆಲ್ಲ ಮೇಷ್ಟ್ರು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು, ಬೇರೆಯವರು ಪದಕಗಳನ್ನು ಇಟ್ಟುಕೊಳ್ಳುವ ಹಾಗೆ. ಹನ್ನೊಂದು ವರ್ಷ ಕೂತು ಹೊಸದಾಗಿ ಬರೆದು, ಎಂಟುನೂರ ಹನ್ನೆರಡು ಪುಟ ತಂದು ಯಜಮಾನರ ಮೇಜಿನ ಮೇಲಿಟ್ಟು ಒಂದು ಷರತ್ತು ಹಾಕಿದರು: "ಉಳಿದ ತಪ್ಪು ಎರಡಕ್ಕಿಂತ ಕಡಿಮೆ ಅಂತ ಲೆಕ್ಕ ಬಂದರೆ ಮಾತ್ರ ಅಚ್ಚು. ಇಲ್ಲದಿದ್ದರೆ ನನ್ನ ಪುಸ್ತಕ ನನಗೆ ವಾಪಸು."

"ಮೇಷ್ಟ್ರೇ, ಉಳಿದ ತಪ್ಪು ಎಷ್ಟು ಅಂತ ಗೊತ್ತಾಗೋದು ಹೇಗೆ? ಗೊತ್ತಿದ್ರೆ ತಿದ್ದೇಬಿಡ್ತಿದ್ವಲ್ಲ?" ಅಂದರು ಯಜಮಾನರು.

"ಕಾಣೋದನ್ನ ಎಣಿಸೋಕೆ ಬೆರಳು ಸಾಕು ಸ್ವಾಮಿ. ಕಾಣದ್ದನ್ನ ಎಣಿಸೋಕೇ ನಮ್ಮ ಶಾಸ್ತ್ರ ಇರೋದು."

ವಿಧಾನ ಹೀಗೆ. ಇಬ್ಬರು, ಒಬ್ಬರ ಗುರುತು ಇನ್ನೊಬ್ಬರು ನೋಡದೆ, ಇಡೀ ಪುಸ್ತಕ ಓದಬೇಕು. ಒಬ್ಬರು ಹಿಡಿದ ತಪ್ಪುಗಳಲ್ಲಿ ಬಹುಪಾಲು ಇನ್ನೊಬ್ಬರ ಕಣ್ಣಿಗೂ ಬಿದ್ದಿದ್ದರೆ, ಇಬ್ಬರ ಕಣ್ಣೂ ಚುರುಕು, ತಪ್ಪಿಸಿಕೊಂಡದ್ದು ಕಡಿಮೆ. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಂಡೇ ಇಲ್ಲವೆಂದರೆ, ಇಬ್ಬರಿಗೂ ಕಾಣದ್ದು ಒಳಗೆ ರಾಶಿ ಬಿದ್ದಿದೆ. ಮೊದಲನೆಯವರ ಸಂಖ್ಯೆಯನ್ನು ಎರಡನೆಯವರದ್ದರಿಂದ ಗುಣಿಸಿ, ಇಬ್ಬರಿಗೂ ಕಂಡದ್ದರಿಂದ ಭಾಗಿಸಿದರೆ ಒಟ್ಟು ತಪ್ಪುಗಳ ಅಂದಾಜು ಸಿಗುತ್ತದೆ. ಮೀನುಗಾರರು ಒಮ್ಮೆ ಹಿಡಿದು ಗುರುತು ಹಾಕಿ ಬಿಟ್ಟ ಮೀನು ಮತ್ತೆ ಎಷ್ಟು ಬಲೆಗೆ ಬಿತ್ತೆಂದು ನೋಡಿ ಕೆರೆಯ ಮೀನು ಅಂದಾಜು ಮಾಡುವುದೂ ಹೆಚ್ಚುಕಮ್ಮಿ ಹೀಗೇ ಎಂದು ಮೇಷ್ಟ್ರು ವಿವರಿಸಿದಾಗ ಅತ್ತೆ ಸೊಸೆ ಇಬ್ಬರೂ ತಲೆಯಾಡಿಸಿದ್ದರು. ಎರಡನೇ ಪುಟದಲ್ಲಿ ಹೆಸರು ಹಾಕುತ್ತೇನೆ ಎಂದಾಗ ಸೊಸೆ ಇನ್ನೂ ಸ್ವಲ್ಪ ಜೋರಾಗಿ ಆಡಿಸಿದ್ದಳು.

ಕೆಂಪು ಪೆನ್ಸಿಲಿನ ಅತ್ತೆಯ ಪ್ರತಿ, ಹಸಿರು ಪೆನ್ಸಿಲಿನ ಸೊಸೆಯ ಪ್ರತಿ, ಎರಡೂ ಮೇಷ್ಟ್ರ ಮನೆಗೆ ಹೋದವು. ಎರಡು ದಿನ ಬಿಟ್ಟು ಬೆಳಗ್ಗೆ ಮೇಷ್ಟ್ರ ಫೋನು. ಅತ್ತೆ ತೆಗೆದುಕೊಂಡರು.

"ಟೀಚರಮ್ಮ, ನಿಮ್ಮದು ಎಂಬತ್ನಾಲ್ಕು. ನಿಮ್ಮ ಸೊಸೇದು ತೊಂಬತ್ತೊಂದು."

"ನೋಡಿ, ನನಗಿಂತ ಏಳು ಜಾಸ್ತಿ. ನನಗೇನೂ ಬೇಜಾರಿಲ್ಲ," ಅಂದರು ಅತ್ತೆ, ಬೇಜಾರಿನಿಂದ.

"ಇಬ್ಬರಿಗೂ ಕಂಡದ್ದು ನಾಲ್ಕೇ ನಾಲ್ಕು."

ಗುಣಾಕಾರ ಅತ್ತೆಯ ತಲೆಯಲ್ಲಿ ಮುಗಿದು ಭಾಗಾಕಾರ ಶುರುವಾಗಿತ್ತು. ಪಕ್ಕದಲ್ಲಿ ಕಿವಿ ಕೊಟ್ಟು ನಿಂತಿದ್ದ ಸೊಸೆಗೆ ಅತ್ತೆಯ ಮುಖ ಬಿಳಿಚಿದ್ದಷ್ಟೇ ಕಂಡದ್ದು.

"ಒಟ್ಟು ಸಾವಿರದ ಒಂಬೈನೂರ ಹನ್ನೊಂದು," ಅಂದಿತು ಫೋನು. "ನೀವಿಬ್ಬರೂ ಸೇರಿ ಹಿಡಿದದ್ದು ನೂರ ಎಪ್ಪತ್ತೊಂದು. ಸಾವಿರದ ಏಳುನೂರ ನಲವತ್ತು ತಪ್ಪು ಇನ್ನೂ ಒಳಗೇ ಕೂತಿವೆ. ಪುಟಕ್ಕೆ ಎರಡರಂತೆ! ನಾಳೆ ಬಂದು ಪುಸ್ತಕ ತಗೊಂಡು ಹೋಗ್ತೀನಿ. ನಿಮ್ಮ ತಪ್ಪಲ್ಲ ಬಿಡಿ. ನನ್ನ ಹಣೆಬರಹದ ಕರಡನ್ನೇ ಯಾರೂ ತಿದ್ದಿಲ್ಲ."

ಸೊಸೆಗೆ ಮೊದಲು ನೆನಪಾದದ್ದು ದಿಂಬಿನ ಚೀಲದ ಅಡಿಯ ಹಾಳೆ. ಆಮೇಲೆ ನಾಚಿಕೆಯಾಯಿತು. ಆಮೇಲೆ ಮತ್ತೆ ಹಾಳೆಯೇ ನೆನಪಾಯಿತು. ಅಚ್ಚಿನ ಯಂತ್ರಕ್ಕೆ ಇನ್ನು ಹತ್ತು ದಿನ ಮಾತ್ರ ಬಿಡುವು; ಆಮೇಲೆ ಕ್ಯಾಲೆಂಡರುಗಳು ಏರುತ್ತವೆ, ತರಗತಿಗಳು ಶುರುವಾಗುತ್ತವೆ. ಮೇಷ್ಟ್ರು ಒಮ್ಮೆ ಪುಸ್ತಕ ಮನೆಗೆ ಒಯ್ದರೆ ಇನ್ನೊಂದು ಹನ್ನೊಂದು ವರ್ಷ.

ಮಧ್ಯಾಹ್ನ ಊಟಕ್ಕೆ ಬಂದ ಗಂಡ, ಯಾರೂ ಮಾತಾಡದ್ದನ್ನು ಕಂಡು, ತನ್ನದೇ ಏನೋ ತಪ್ಪಿರಬೇಕೆಂದು ರೂಢಿಯಂತೆ ಊಹಿಸಿ, ಮಾತು ತಿರುಗಿಸಲು ಅಂಗಡಿಯ ಕಥೆ ತೆಗೆದ.

"ಇವತ್ತು ಗಂಡ ಹೆಂಡತಿ ಬಂದಿದ್ರು. ಆತನಿಗೆ ದೂರದ್ದು ಕಾಣಲ್ಲ, ಆಯಮ್ಮನಿಗೆ ಹತ್ತಿರದ್ದು ಕಾಣಲ್ಲ. ಬಸ್ಸಿನ ಬೋರ್ಡು ಆಕೆ ಓದೋದು, ಟಿಕೆಟ್ಟು ಆತ ಓದೋದು. ನಲವತ್ತು ವರ್ಷ ಹೀಗೇ ನಡೆದಿದೆ. ಕನ್ನಡಕ ಬೇಕೇ ಬೇಕು ಅಂತ ಮಗಳು ಎಳ್ಕೊಂಡು ಬಂದಿದಾಳೆ, ಅವರಿಗೇನೋ ಬೇಕಾಗೇ ಇಲ್ಲ."

ಸೊಸೆಯ ಕೈ ತಟ್ಟೆಯಲ್ಲೇ ನಿಂತಿತು.

"ರೀ, ಇನ್ನೊಂದ್ಸಲ ಹೇಳಿ."

"ಯಾಕೆ? ನಾನೇನಂದೆ?"

ಅವಳು ಆಗಲೇ ಎದ್ದು ಅತ್ತೆಯ ಟಿಪ್ಪಣಿ ಪುಸ್ತಕ ಕೇಳಿ ಪಡೆದು, ತನ್ನದರ ಪಕ್ಕ ಬಿಡಿಸಿಟ್ಟಿದ್ದಳು. ಅತ್ತೆಯ ಪಟ್ಟಿ: ನಲವತ್ತೊಂದನೇ ಪುಟ, ಛೇದದಲ್ಲಿ ಎನ್ ಅಲ್ಲ, ಎನ್‌ನಲ್ಲಿ ಒಂದು ಕಳೆಯಬೇಕು. ಎಂಬತ್ತೆಂಟು, ವರ್ಗಮೂಲದ ಗೆರೆ ಗಿಡ್ಡ. ನೂರ ಮೂರು, ಸಂಕಲನ ಒಂದರಿಂದ, ಸೊನ್ನೆಯಿಂದಲ್ಲ. ಸೊಸೆಯ ಪಟ್ಟಿ: ನಲವತ್ತು, 'ಆದ್ದರಿಂದ' ಎರಡು ಸಲ. ಎಂಬತ್ತೊಂಬತ್ತು, ಕರ್ತೃವಿಗೂ ಕ್ರಿಯಾಪದಕ್ಕೂ ಮಾತುಕತೆಯಿಲ್ಲ. ನೂರ ಐದು, ಅಲ್ಪವಿರಾಮ. ಒಂದು ಕಡೆ ಬರೀ ಸೂತ್ರ, ಇನ್ನೊಂದು ಕಡೆ ಬರೀ ವಾಕ್ಯ. ಇಬ್ಬರಿಗೂ ಕಂಡ ನಾಲ್ಕು? ಕೋಷ್ಟಕಗಳ ತಲೆಬರಹ. ಅಲ್ಲಿ ಅಂಕಿ ಅಕ್ಷರ ಎರಡೂ ಇದ್ದವು. ಗಡಿ ಯಾರದೆಂದು ತೀರ್ಮಾನವಾಗದ ಜಾಗ.

"ಅತ್ತೆ, ಸೂತ್ರದಲ್ಲಿ ತಪ್ಪು ಕಂಡ್ರೆ ನಾನು ಗುರುತು ಹಾಕೋದೇ ಇಲ್ಲ."

"ಯಾಕೇ?"

"ನಿಮ್ಮದಲ್ವಾ ಅದು. ತೆರೆದಿರೋ ಪಕ್ಕದ ಮನೆ ಬಾಗಿಲ ಮುಂದೆ ಹೋಗೋವಾಗ ಹೇಗೆ ಕಣ್ಣು ತಿರುಗಿಸ್ಕೋತೀವೋ, ಹಾಗೆ ದಾಟಿಬಿಡ್ತೀನಿ. ನೀವು ವಾಕ್ಯ ನೋಡ್ತೀರಾ?"

ಅತ್ತೆ ನೀರಿನ ಲೋಟವನ್ನು ಅನಗತ್ಯವಾಗಿ ಸರಿಸಿದರು. "ನೋಡ್ತೀನಿ. ಆತ ಬರೆಯೋ ವಾಕ್ಯ ನೋಡಿದ್ರೆ ಹಲ್ಲು ಕಡಿಯೋ ಹಾಗಾಗುತ್ತೆ. ಆದ್ರೆ ನೀನಿದೀಯಲ್ಲ, ನಿನ್ನ ಕೆಲಸಕ್ಕೆ ನಾನ್ಯಾಕೆ ಕೈ ಹಾಕಲಿ ಅಂತ ಸುಮ್ಮನಿದ್ದೆ."

"ಅಂದ್ರೆ ಸಾವಿರದ ಏಳುನೂರು ತಪ್ಪು ಇಲ್ವೇ ಇಲ್ಲ ಅತ್ತೆ! ನಾವು ಒಂದೇ ಕೆರೇಲಿ ಬಲೆ ಹಾಕಿಲ್ಲ. ನಿಮ್ಮದು ಬೇರೆ ಕೆರೆ, ನನ್ನದು ಬೇರೆ ಕೆರೆ!"

"ಎರಡು ಕೆರೆ ಮೀನು ಒಂದೇ ಬುಟ್ಟಿಗೆ ಹಾಕಿ ಲೆಕ್ಕ ಮಾಡಿದಾನೆ ಮಹಾನುಭಾವ," ಅಂದರು ಅತ್ತೆ. ಮುಖಕ್ಕೆ ಬಣ್ಣ ವಾಪಸು ಬಂತು. ಆದರೆ ಮರುಗಳಿಗೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು: ಇದನ್ನು ಮೇಷ್ಟ್ರಿಗೆ ಹೇಳಬೇಕು. ಇಡೀ ಪುಸ್ತಕ ಓದುತ್ತೇವೆಂದು ಒಪ್ಪಿಕೊಂಡು ಅರ್ಧರ್ಧ ಓದಿದೆವೆಂದು, ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಬೈದ ಟೀಚರಮ್ಮ ಹೇಳಬೇಕು.

ಮರುದಿನ ಮೇಷ್ಟ್ರು ದೊಡ್ಡ ಚೀಲ ತಂದರು. ಟೀ ಬೇಡವೆಂದರು, ಕೂರುವುದಿಲ್ಲವೆಂದರು, ಆಮೇಲೆ ಕೂತು ಟೀ ಕುಡಿದರು. ಅತ್ತೆ ರಸ್ತೆ ಕಡೆಯ ಕಿಟಕಿ ನೋಡುತ್ತಾ ನಿಂತರು. ಮಾತು ಸೊಸೆಯ ಪಾಲಿಗೆ ಬಿತ್ತು. ಹೇಗಿದ್ದರೂ ವಾಕ್ಯಗಳು ಅವಳ ಇಲಾಖೆ.

ಅವಳು ಹೇಳಿದಳು. ಮೇಷ್ಟ್ರ ಹುಬ್ಬು ಮೇಲೇರಿತು.

"ಅಂದ್ರೆ ನೀವು ನನಗೆ ಮೋಸ ಮಾಡಿದ್ರಿ."

"ಮಾಡಿದ್ವಿ ಮೇಷ್ಟ್ರೇ. ಗೊತ್ತಿಲ್ಲದೆ. ಆದ್ರೆ ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂಬತ್ತನೇ ಅಧ್ಯಾಯ, ಮುನ್ನೂರ ಎಪ್ಪತ್ತನೇ ಪುಟದಲ್ಲಿ ಒಂದು ವಾಕ್ಯ ಇದೆ. 'ಎರಡು ಅಳತೆಗಳು ಪರಸ್ಪರ ಸ್ವತಂತ್ರವೆಂದು ಭಾವಿಸುವ ಮೊದಲು, ಅಳೆದವರನ್ನು ಒಮ್ಮೆ ವಿಚಾರಿಸಿ.' ನೀವು ನಮ್ಮನ್ನ ವಿಚಾರಿಸಿದ್ರಾ?"

ಮೇಷ್ಟ್ರು ಕಪ್ಪು ತುಟಿಯಿಂದ ಇಳಿಸಿದರು.

"ಆ ವಾಕ್ಯ ನಿಮಗೆ ಬಾಯಿಪಾಠನಾ?"

"ಅದರಲ್ಲಿ ಒಂದು ಅಲ್ಪವಿರಾಮ ಇರಲಿಲ್ಲ. ನಾನೇ ಹಾಕಿದ್ದು."

ಮೇಷ್ಟ್ರ ಹೊಟ್ಟೆ ಕುಲುಕತೊಡಗಿತು. ಕಪ್ಪು ಕೆಳಗಿಟ್ಟು, ತೊಡೆ ತಟ್ಟಿ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. "ನಲವತ್ತು ವರ್ಷ! ನಲವತ್ತು ವರ್ಷ ಹುಡುಗರಿಗೆ ಇದನ್ನೇ ಹೇಳ್ದೆ. ಇದೇ ತಪ್ಪು ಮಾಡಿದವರಿಗೆ ಸೊನ್ನೆ ಕೊಟ್ಟೆ. ಟೀಚರಮ್ಮ, ನನಗೆ ಸೊನ್ನೆ ಹಾಕಿ!"

"ಹಾಕಿದೀನಿ," ಅಂದರು ಅತ್ತೆ ಕಿಟಕಿಯಿಂದಲೇ.

ಒಪ್ಪಂದ ಹೊಸದಾಯಿತು. ಯಜಮಾನರು ಗುರುತಿಲ್ಲದ ಎರಡು ಪ್ರತಿ ಮತ್ತೆ ತೆಗೆಸಿ ಕಳಿಸಿದರು. ಒಂದು ವಾರ. ಅತ್ತೆ ಈ ಸಲ ವಾಕ್ಯ ಓದಬೇಕು, ಸೊಸೆ ಸೂತ್ರ ಓದಬೇಕು. ಬೇರೆ ಬೇರೆ ಕೋಣೆ, ಪುಸ್ತಕದ ಬಗ್ಗೆ ತುಟಿ ಬಿಚ್ಚುವಂತಿಲ್ಲ; ಆಗಲೇ ಎರಡು ಓದೂ 'ಸ್ವತಂತ್ರ'. ಕಾವಲಿಗೆ ಗಂಡ.

ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಸೊಸೆ ಆ ತೆರೆದ ಬಾಗಿಲೊಳಗೆ ಕಾಲಿಟ್ಟಳು. ಮೊದಲ ದಿನ ಹೊಸ್ತಿಲಲ್ಲೇ ನಿಂತಳು. ಎರಡನೇ ದಿನ ಒಳಗಿನ ಪರಿಚಯವಾಯಿತು. ಥೀಟಾ ಎಂಬ ಅಕ್ಷರವಿತ್ತು. ನಿಜವಾದ ಬೆಲೆಯಾದರೆ ಬರಿದಲೆ, ಅಂದಾಜು ಮಾಡಿದ ಬೆಲೆಯಾದರೆ ತಲೆಯ ಮೇಲೆ ಪುಟ್ಟ ಟೋಪಿ. ಎಲ್ಲ ಶಾಸ್ತ್ರಗಳಲ್ಲೂ ಗೊತ್ತಿದ್ದವರು ಟೋಪಿ ಹಾಕಿಕೊಂಡು ಮೆರೆದರೆ, ಇಲ್ಲಿ ಗೊತ್ತಿಲ್ಲದವರಿಗೆ ಟೋಪಿ. ಅವಳಿಗೆ ಅದು ತುಂಬಾ ಇಷ್ಟವಾಯಿತು. ಅರ್ಥ ಪೂರ್ತಿ ಆಗದಿದ್ದರೂ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಇಳಿಯುವಾಗ ಏನು ಬಂತು, ಏನು ಹೋಯಿತು, ಯಾರು ಟೋಪಿ ಮರೆತರು ಎಂದು ಮದುವೆ ಮನೆಯ ಬಾಗಿಲಲ್ಲಿ ನಿಂತವಳಂತೆ ನೋಡುತ್ತಾ ಹೋದಳು.

ಆಚೆ ಕೋಣೆಯಿಂದ ಅತ್ತೆಯ ದನಿ ಆಗಾಗ ಕೇಳಿಬರುತ್ತಿತ್ತು. "ಅಯ್ಯೋ ಪುಣ್ಯಾತ್ಮ! ಒಂದು ವಾಕ್ಯಕ್ಕೆ ಮೂರು 'ಅಂದರೆ'..."

"ಅಮ್ಮಾ! ಸ್ವತಂತ್ರ!" ಎಂದು ಗಂಡ ಹೊಸ್ತಿಲಿಂದ ಕೂಗುತ್ತಿದ್ದ.

"ನಾನು ನನಗೇ ಹೇಳ್ಕೊಂಡೆ ಕಣೋ. ಅದಕ್ಕೂ ನಿನ್ನ ಅಪ್ಪಣೆ ಬೇಕಾ?"

ನಾಲ್ಕನೇ ದಿನ ಅತ್ತೆ ಯೋಚನೆಯಲ್ಲಿ ಮುಳುಗಿ ಒಲೆಯ ಬಲದ ಉರಿಯ ಮೇಲೆ ಹಾಲಿಟ್ಟರು. ಸೊಸೆ ನೋಡಿದಳು, ತನ್ನ ಹಾಲಿನ ಪಾತ್ರೆಯನ್ನು ಎಡದ ಉರಿಗೆ ಇಟ್ಟಳು. ಆಕಾಶ ಕಳಚಿ ಬೀಳಲಿಲ್ಲ. ಹಾಲು ಮಾತ್ರ ಉಕ್ಕಿತು, ಇಬ್ಬರದೂ.

ಐದನೇ ದಿನ ಸೊಸೆಗೆ ಐನೂರ ಹನ್ನೆರಡನೇ ಪುಟದಲ್ಲಿ ಟೋಪಿ ಇಲ್ಲದ ಥೀಟಾ ಸಿಕ್ಕಿತು. ಹಾಕಲೇಬೇಕಾದ ಜಾಗ. ಅತ್ತೆಯ ಮೊದಲ ಪಟ್ಟಿ ಅವಳು ನೋಡಿದ್ದು ಅರೆಗಳಿಗೆ. ಆದರೂ ಐನೂರರ ಸಾಲಿನಲ್ಲಿ ಏನೂ ಇರಲಿಲ್ಲವೆಂದು ಚೆನ್ನಾಗಿ ನೆನಪಿತ್ತು. ಅತ್ತೆಗೆ ತಪ್ಪಿಹೋದದ್ದು! ಆರುನೂರ ನಾಲ್ಕರಲ್ಲಿ ಇನ್ನೊಂದು. ಗುರುತು ಹಾಕಿದರೆ ಅತ್ತೆಯ ಮುಂದೆ, ಮೇಷ್ಟ್ರ ಮುಂದೆ, ಸೂತ್ರದಲ್ಲಿ ಅತ್ತೆಯನ್ನು ಸೊಸೆ ತಿದ್ದಿದಂತಾಗುತ್ತದೆ. ಬಿಟ್ಟರೆ ಲೆಕ್ಕವೇನೂ ಕೆಡುವುದಿಲ್ಲ, ಇನ್ನೂ ಚೆನ್ನಾಗಿಯೇ ಬರುತ್ತದೆ; ಕೆಡುವುದು ಪುಸ್ತಕ ಮಾತ್ರ. ಅದೂ ತನ್ನ ಹೆಸರಿರುವ ಪುಸ್ತಕ. ಪೆನ್ಸಿಲು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ಥೀಟಾಕ್ಕೆ ಟೋಪಿ ತೊಡಿಸಿದಳು.

ಲೆಕ್ಕದ ದಿನ ಮೇಷ್ಟ್ರು ಬಂದು ಊಟದ ಮೇಜಿನ ಮೇಲೆ ಎರಡೂ ಪ್ರತಿ ಹರಡಿದರು. ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಟೀಚರಮ್ಮನ ಮುಂದೆ ಕೂರುವ ಅಭ್ಯಾಸ ಅವರಿಗೆ ಇನ್ನೂ ಬಂದಿರಲಿಲ್ಲ. ಹಳೆಯದು ಹೊಸದು ಸೇರಿಸಿ ಎಣಿಕೆ ನಡೆಯಿತು. ಅತ್ತೆಯದು ನೂರ ಅರವತ್ತೆರಡು. ಸೊಸೆಯದು ನೂರ ಅರವತ್ತಮೂರು.

"ಟೀಚರಮ್ಮನಿಗೆ ಕಾಣದೆ ಸೊಸೆಗೆ ಕಂಡ ಸೂತ್ರ, ಎರಡು," ಎಂದು ಮೇಷ್ಟ್ರು ಓದಿದರು. ಸೊಸೆ ನೆಲ ನೋಡಿದಳು. "ಸೊಸೆಗೆ ಕಾಣದೆ ಟೀಚರಮ್ಮನಿಗೆ ಕಂಡ ವಾಕ್ಯ, ಮೂರು."

ಸೊಸೆ ತಲೆ ಎತ್ತಿದಳು. "ಮೂರಾ? ಯಾವುದು?"

"ಇನ್ನೂರ ಮೂರನೇ ಪುಟದ ಕೊನೇ ಸಾಲೇ ಇನ್ನೂರ ನಾಲ್ಕರ ಮೊದಲ ಸಾಲು ಕಣೇ. ಹಾಳೆ ತಿರುಗಿಸೋವಾಗ ನಿನಗೆ ತಪ್ಪಿದೆ." ಅತ್ತೆಯ ದನಿ ಮೆತ್ತಗಿತ್ತು. "ಹಾಕಲೋ ಬೇಡವೋ ಅಂತ ಒಂದು ಇಡೀ ಮಧ್ಯಾಹ್ನ ಕೂತಿದ್ದೆ. ಎಲ್ಲಿ ನೊಂದ್ಕೋತೀಯೋ ಅಂತ."

"ನಾನೂ ಕೂತಿದ್ದೆ ಅತ್ತೆ. ಐನೂರ ಹನ್ನೆರಡನೇ ಪುಟದ ಮುಂದೆ."

"ನನ್ನ ಥೀಟಾನಾ? ಟೋಪಿ ಇಲ್ದೇ ಬಿಟ್ಟಿದ್ನಾ?" ಅತ್ತೆ ಪುಟ ಎಳೆದುಕೊಂಡು ನೋಡಿ, ಕನ್ನಡಕ ತೆಗೆದು ಮಗನ ಕಡೆ ಚಾಚಿದರು. "ಇದರ ನಂಬರು ಬದಲಾಯಿಸು. ಇವಳು ನನಗಿಂತ ಚೆನ್ನಾಗಿ ನೋಡ್ತಾಳೆ." ಅದು ಆ ಮನೆಯಲ್ಲಿ ಯಾರಿಗಾದರೂ ಸಿಕ್ಕಿದ್ದ ಅತಿ ದೊಡ್ಡ ಬಿರುದು.

ಇಬ್ಬರಿಗೂ ಕಂಡದ್ದು ನೂರ ನಲವತ್ತೊಂಬತ್ತು. ಮೇಷ್ಟ್ರು ಲಕೋಟೆಯ ಹಿಂಬದಿಯಲ್ಲಿ ಗುಣಿಸಿದರು, ಭಾಗಿಸಿದರು. ಅತ್ತೆ ಆಗಲೇ ಮುಗಿಸಿ ಸುಮ್ಮನೆ ನಗುತ್ತಿದ್ದರು.

"ಒಟ್ಟು ನೂರ ಎಪ್ಪತ್ತೇಳೂ ಚಿಲ್ಲರೆ. ಹಿಡಿದದ್ದು ನೂರ ಎಪ್ಪತ್ತಾರು. ಉಳಿದದ್ದು..." ಮೇಷ್ಟ್ರು ಲಕೋಟೆಯನ್ನು ಕಣ್ಣಿನ ಹತ್ತಿರ ಹಿಡಿದರು. "ಒಂದೂ ಚಿಲ್ಲರೆ."

"ಚಿಲ್ಲರೆ ತಪ್ಪು ಅಂದ್ರೆ ಹೇಗಿರುತ್ತೆ?" ಅಂದ ಗಂಡ.

"ನಿನ್ನ ಹಾಗೆ," ಅಂದರು ಅತ್ತೆ.

ಯಜಮಾನರು ಓಡಿಯೇ ಹೋದರು, ಮೇಷ್ಟ್ರ ಮನಸ್ಸು ಬದಲಾಗುವ ಮುಂಚೆ ಯಂತ್ರ ತಿರುಗಿಸಲು.

ಪುಸ್ತಕ ಬಂದದ್ದು ತರಗತಿ ಶುರುವಾಗುವ ಹಿಂದಿನ ವಾರ. ಇಬ್ಬರಿಗೆ ಎರಡು ಪ್ರತಿ, ಇಟ್ಟಿಗೆಯಷ್ಟು ತೂಕ, ಇನ್ನೂ ಅಂಟಿನ ವಾಸನೆ. ಸೊಸೆ ತನ್ನದನ್ನು ಹಿತ್ತಲ ಕಿಟಕಿಗೆ ಒಯ್ದು ಎರಡನೇ ಪುಟ ತೆರೆದಳು. ಇತ್ತು. ಒತ್ತಕ್ಷರ ಸಮೇತ, ಅತ್ತೆಯ ಹೆಸರಿಗಿಂತ ಮೇಲೆ. ಅವಳು ಗಾಬರಿಯಾಗಿ ಮುನ್ನುಡಿ ಹುಡುಕಿದಳು. ಮೇಷ್ಟ್ರು ಬರೆದಿದ್ದರು: 'ಪರಿಶೀಲಿಸಿದವರ ಹೆಸರುಗಳ ಅನುಕ್ರಮವನ್ನು ನಾಣ್ಯ ಚಿಮ್ಮಿ ನಿರ್ಧರಿಸಲಾಗಿದೆ. ಸೋತವರು ಮತ್ತೊಮ್ಮೆ ಚಿಮ್ಮಲು ಕೇಳಿಕೊಂಡರು, ಒಪ್ಪಲಿಲ್ಲ.' ಅತ್ತೆ ಯಾವಾಗ ಹೋಗಿ ಕೇಳಿಕೊಂಡರೋ!

ಆಮೇಲೆ ಒಂಬತ್ತನೇ ಅಧ್ಯಾಯ. ಅದರ ಅಭ್ಯಾಸದ ಕೊನೆಯಲ್ಲಿ ಒಂದು ಹೊಸ ಲೆಕ್ಕ ಸೇರಿಕೊಂಡಿತ್ತು. ಸಂತೋಷದ ಭರದಲ್ಲಿ ಮೇಷ್ಟ್ರು ನೇರವಾಗಿ ಪ್ರೆಸ್ಸಿಗೇ ಹೋಗಿ ಸೇರಿಸಿಬಿಟ್ಟಿದ್ದರು. 'ಒಂದೇ ಒಲೆಯ ಇಬ್ಬರು ಒಂದು ಪುಸ್ತಕದ ಕರಡು ತಿದ್ದುತ್ತಾರೆ. ಒಬ್ಬರು ಎಂಬತ್ನಾಲ್ಕು, ಇನ್ನೊಬ್ಬರು ತೊಂಬತ್ತೊಂದು ತಪ್ಪು ಹಿಡಿಯುತ್ತಾರೆ. ನಾಲ್ಕು ಇಬ್ಬರಿಗೂ ಕಂಡಿವೆ. ಸೂತ್ರದ ಪ್ರಕಾರ ಉಳಿದ ತಪ್ಪುಗಳೆಷ್ಟು? ಈ ಉತ್ತರವನ್ನು ಏಕೆ ನಂಬಬಾರದು?' ಅವಳು ನಗುತ್ತಲೇ ಪುಸ್ತಕದ ಕೊನೆಗೆ ಹೋಗಿ ಉತ್ತರ ನೋಡಿದಳು: ೧೭೩೬.

ನಗು ನಿಂತಿತು. ಬೆರಳು ಮಡಚಿ ಎಣಿಸಿದಳು. ಮೇಷ್ಟ್ರು ಎಂಬತ್ನಾಲ್ಕನ್ನೂ ತೊಂಬತ್ತೊಂದನ್ನೂ ಹಾಗೆಹಾಗೇ ಕೂಡಿ ಒಟ್ಟಿನಿಂದ ಕಳೆದುಬಿಟ್ಟಿದ್ದರು. ಇಬ್ಬರಿಗೂ ಕಂಡ ನಾಲ್ಕು ಎರಡೆರಡು ಸಲ ಹೋಗಿದ್ದವು. ಫೋನಿನಲ್ಲಿ ಸರಿಯಾಗಿ ಹೇಳಿದ ಮನುಷ್ಯ! ಅವಳು ಹಸಿರು ಪೆನ್ಸಿಲು ತಂದು ಆ ಸಂಖ್ಯೆಗೆ ಗೀಟೆಳೆದು, ಪಕ್ಕದಲ್ಲಿ ೧೭೪೦ ಎಂದು ಬರೆದಳು. ಬರೆದು ಪುಸ್ತಕ ಮುಚ್ಚಿದಳು. ಇವತ್ತೊಂದು ದಿನ ಅತ್ತೆಯ ಸಂತೋಷ ಕೆಡಿಸುವುದು ಬೇಡ.

ಅತ್ತೆ ರಸ್ತೆ ಕಡೆಯ ಕಿಟಕಿಯಿಂದ ಎದ್ದು ಬಂದರು. ಅವರ ಪುಸ್ತಕವೂ ಮುಚ್ಚಿತ್ತು. ಮುಖ ಅನುಮಾನ ಬರುವಷ್ಟು ಶಾಂತವಾಗಿತ್ತು.

"ಚೆನ್ನಾಗಿ ಬಂದಿದೆ ಅಲ್ವಾ?" ಅಂದರು.

"ತುಂಬಾ ಚೆನ್ನಾಗಿ ಬಂದಿದೆ ಅತ್ತೆ."

ಗಂಡ ಇಬ್ಬರ ಮುಖವನ್ನೂ ನೋಡಿದ. ಮನುಷ್ಯರ ಕಣ್ಣು ನೋಡಿಯೇ ಹೊಟ್ಟೆ ಹೊರೆಯುವವನು. ಎರಡೂ ಪುಸ್ತಕ ತೆಗೆದುಕೊಂಡು ಊಟದ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಒಂದರಿಂದ ಹಸಿರು ಪೆನ್ಸಿಲು ಇಣುಕುತ್ತಿತ್ತು. ಇನ್ನೊಂದರಿಂದ ಕೆಂಪು. ಎರಡನ್ನೂ ಪೆನ್ಸಿಲು ಇದ್ದಲ್ಲಿಗೇ ತೆರೆದ. ಒಂದೇ ಪುಟ, ಒಂದೇ ಸಾಲು. ಹಸಿರಿನಲ್ಲಿ ೧೭೪೦. ಕೆಂಪಿನಲ್ಲಿ ೧೭೪೦.

ಅತ್ತೆ ಸೊಸೆ ಒಬ್ಬರನ್ನೊಬ್ಬರು ನೋಡಿದರು.

"ನಾನು ಹಿಡಿದದ್ದು ಒಂದು," ಅಂದರು ಅತ್ತೆ ನಿಧಾನವಾಗಿ.

"ನಾನೂ ಒಂದು."

"ಇಬ್ಬರಿಗೂ ಕಂಡದ್ದು ಒಂದು. ನಿನ್ನ ಕೋಣೆ ಬೇರೆ, ನನ್ನ ಕೋಣೆ ಬೇರೆ. ಮಾತಾಡಿಲ್ಲ. ಒಂದನ್ನ ಒಂದರಿಂದ ಗುಣಿಸಿ..."

"ಒಂದರಿಂದ ಭಾಗಿಸಿದ್ರೆ ಒಂದೇ, ಅತ್ತೆ! ಉಳಿದದ್ದು ಸೊನ್ನೆ!"

"ಫೋನ್ ಮಾಡೇ ಆತನಿಗೆ," ಅಂದರು ಅತ್ತೆ, ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಾ. "ಬಿಸ್ಕತ್ತಿನ ಡಬ್ಬಿ ತೆಗೆಯೋಕೆ ಹೇಳು. ಈ ಆವೃತ್ತಿಯ ಮೊದಲನೇ ಕಾಗದ ಈ ಮನೆಯಿಂದ ಬರ್ತಿದೆ ಅನ್ನು. ಕೊನೇದೂ ಇದೇ ಅನ್ನು."

ಸೊಸೆ ಫೋನಿನ ಕಡೆ ಹೋದವಳು ಅರ್ಧ ದಾರಿಯಲ್ಲಿ ನಿಂತು, ಬೀರು ತೆರೆದು, ದಿಂಬಿನ ಚೀಲದ ಅಡಿಯ ಹಾಳೆ ತೆಗೆದಳು. ಕಾಗದ ಬರೆಯಲು ಅದರ ಹಿಂಬದಿ ಖಾಲಿ ಇತ್ತು, ಹೇಗೂ ಇನ್ನು ಬಚ್ಚಿಡುವಂಥದ್ದೇನೂ ಅದರಲ್ಲಿ ಉಳಿದಿರಲಿಲ್ಲ.